ಲೆಕ್ಕದ ಪುಸ್ತಕದಲ್ಲಿ ಕಾಣದ ಗ್ರಾಹಕರು: ವಿಕಲಚೇತನರಿಗೆ ಹೊಂದುವ ಮ್ಯಾನಿಕ್ಯೂರ್ ಸೇವೆ

ವ್ಯಾಪಾರಸ್ಥರು ದಿನದ ಕೊನೆಯಲ್ಲಿ ಲೆಕ್ಕ ಬರೆಯುವಾಗ ಬಂದ ಗಿರಾಕಿಗಳನ್ನು ಬರೆಯುತ್ತಾರೆ, ಬಾಕಿ ಹೇಳಿ ಹೋದವರನ್ನು ಬರೆಯುತ್ತಾರೆ, ಸರಕು ಹಿಂದಿರುಗಿಸಿದವರನ್ನೂ ಬರೆಯುತ್ತಾರೆ. ಅಂಗಡಿಯ ಮುಂದಿನ ಎರಡು ಮೆಟ್ಟಿಲುಗಳನ್ನು ಕಂಡು ಅಲ್ಲಿಂದಲೇ ಹಿಂದಿರುಗಿದವರನ್ನು ಯಾರೂ ಬರೆಯುವುದಿಲ್ಲ. ಹೀಗಾಗಿ ಆ ನಷ್ಟವು ನಷ್ಟವೆಂದು ಕಾಣುವುದೂ ಇಲ್ಲ. ಸೇವಾ ವಲಯದ ಸಣ್ಣ ಉದ್ದಿಮೆಗಳಲ್ಲಿ, ಅದರಲ್ಲಿಯೂ ಸಲೂನ್ ಮತ್ತು ಬ್ಯೂಟಿ ಪಾರ್ಲರ್‌ಗಳಲ್ಲಿ, ಈ ಬಗೆಯ ಕಾಣದ ನಷ್ಟ ಬಹಳವಿದೆ. ಕೈಬೆರಳು ಹಾಗೂ ಉಗುರುಗಳ ಆರೈಕೆಯಾದ ಮ್ಯಾನಿಕ್ಯೂರ್ ಎಂಬ ಒಂದೇ ಸೇವೆಯನ್ನು ತೆಗೆದುಕೊಂಡು, ದೈಹಿಕ ವೈಕಲ್ಯವುಳ್ಳ ಗ್ರಾಹಕರಿಗೆ ಅದನ್ನು ಹೇಗೆ ಹೊಂದಿಸಬಹುದು, ಅದಕ್ಕೆ ತಗಲುವ ವೆಚ್ಚವೆಷ್ಟು, ಇದರಲ್ಲಿ ನಮ್ಮ ಸಣ್ಣ ಉತ್ಪಾದಕರಿಗೆ ದೊರೆಯಬಹುದಾದ ಕೆಲಸವೇನು ಎಂಬುದನ್ನು ಪಾಠರೂಪದಲ್ಲಿ ವಿವರಿಸುವುದು ಈ ಲೇಖನದ ಉದ್ದೇಶ.

ವಿಷಯ ಸ್ಪಷ್ಟವಾಗಲು ಒಂದು ಸನ್ನಿವೇಶವನ್ನು ಊಹಿಸಿಕೊಳ್ಳೋಣ. ಅರವತ್ತು ದಾಟಿದ ನಿವೃತ್ತ ಶಿಕ್ಷಕಿಯೊಬ್ಬರಿಗೆ ಪಾರ್ಶ್ವವಾಯುವಾಗಿ ಎಡಗೈ ಮುಷ್ಟಿ ಬಿಗಿದಂತೆ ನಿಂತುಬಿಟ್ಟಿದೆ. ಓಡಾಟ ಗಾಲಿಕುರ್ಚಿಯಲ್ಲಿ. ತಿಂಗಳೊಪ್ಪತ್ತಿನಲ್ಲಿ ಮಗಳ ಮದುವೆ. ಬಳೆ ತೊಟ್ಟ ಎರಡೂ ಕೈಗಳು ಧಾರೆಯ ಹೊತ್ತಿನಲ್ಲಿ ಚೆನ್ನಾಗಿ ಕಾಣಬೇಕೆಂಬುದು ಅವರ ಆಸೆ. ಆದರೆ ಆಸೆಗಿಂತ ಮುಂಚೆ ಒಂದು ಅಗತ್ಯವಿದೆ. ಬಿಗಿದ ಮುಷ್ಟಿಯೊಳಗೆ ಬೆಳೆದ ಉಗುರುಗಳು ಅಂಗೈಯನ್ನು ಒತ್ತುತ್ತಿವೆ. ಹಾಗೆಯೇ ಬಿಟ್ಟರೆ ಹುಣ್ಣಾಗುತ್ತದೆ. ಮನೆಯವರಿಗೆ ಕತ್ತರಿಸಲು ಭಯ. ಅವರು ಪಾರ್ಲರ್‌ಗೆ ದೂರವಾಣಿ ಮಾಡಿ, "ನನ್ನಂಥವರಿಗೆ ಮಾಡುತ್ತೀರಾ?" ಎಂದು ಕೇಳುತ್ತಾರೆ. "ಅದಕ್ಕೇನಮ್ಮ, ಬನ್ನಿ" ಎಂದು ಹೇಳುವುದು ಸುಲಭ. ಆ ಮಾತನ್ನು ನಡೆಸಿಕೊಡಲು ಅಂಗಡಿಯಲ್ಲಿ ಏನೇನು ಸಿದ್ಧವಿರಬೇಕು ಎಂಬುದೇ ಮುಂದಿನ ಪಾಠ.

ಈ ಗ್ರಾಹಕರು ಯಾರು?

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಹಾಗೂ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ರಾಜ್ಯದ ಈ ಸಂಖ್ಯೆಯಲ್ಲಿ ಸುಮಾರು 2.7 ಲಕ್ಷ ಮಂದಿ ಚಲನವಲನದ ವೈಕಲ್ಯವುಳ್ಳವರು. ಆ ಗಣತಿಯ ನಂತರ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು, 1995ರ ಹಿಂದಿನ ಕಾಯಿದೆಯಲ್ಲಿದ್ದ 7 ವರ್ಗಗಳ ಬದಲು 21 ವರ್ಗಗಳನ್ನು ಗುರುತಿಸಿತು. ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯ, ಪಾರ್ಕಿನ್‌ಸನ್ ಕಾಯಿಲೆ, ಕುಬ್ಜತೆ, ಕುಷ್ಠರೋಗದಿಂದ ಗುಣಹೊಂದಿದವರು, ಆಮ್ಲದಾಳಿಗೆ ತುತ್ತಾದವರು ಇವೆಲ್ಲ ಅದರಲ್ಲಿ ಸೇರಿವೆ. ಯಾವ ಪಟ್ಟಿಯಲ್ಲಿಯೂ ಇರದ, ಆದರೆ ಸಂಧಿವಾತದಿಂದ ಬೆರಳು ಮಡಿಸಲಾಗದ ಹಿರಿಯರು ಪ್ರತಿ ಬೀದಿಯಲ್ಲಿಯೂ ಇದ್ದಾರೆ. ಇವರಲ್ಲಿ ಯಾರೂ ಒಂಟಿಯಾಗಿ ಬರುವ ಗಿರಾಕಿಯಲ್ಲ. ಜೊತೆಗೆ ಬರುವ ಮಗಳು, ಸೊಸೆ, ಸ್ನೇಹಿತೆಯರೂ ಅದೇ ಅಂಗಡಿಯನ್ನು ಆರಿಸಿಕೊಳ್ಳುತ್ತಾರೆ. ಅಂಗಡಿ ಒಗ್ಗದಿದ್ದರೆ ಅವರೂ ಬೇರೆಡೆಗೆ ಹೋಗುತ್ತಾರೆ.

ಕಾನೂನಿನ ಸ್ಥಿತಿಯನ್ನೂ ಸದಸ್ಯರು ತಿಳಿದಿರಬೇಕು. 2016ರ ಕಾಯಿದೆಯ 46ನೆಯ ವಿಧಿಯು ಸರ್ಕಾರಿ ಸೇವಾದಾರರಿಗಷ್ಟೇ ಅಲ್ಲದೆ ಖಾಸಗಿ ಸೇವಾದಾರರಿಗೂ ಅನ್ವಯಿಸುತ್ತದೆ. ಸುಗಮ ಪ್ರವೇಶದ ನಿಯಮಗಳಿಗೆ ಅನುಗುಣವಾಗಿ ಸೇವೆ ಒದಗಿಸಬೇಕೆಂದು ಅದು ಹೇಳುತ್ತದೆ. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು ರಾಜೀವ್ ರತೂರಿ ಪ್ರಕರಣದಲ್ಲಿ ತೀರ್ಪು ನೀಡಿ, 2017ರ ನಿಯಮಾವಳಿಯ 15(1)ನೆಯ ನಿಯಮವು ಕೇವಲ ಸಲಹಾರೂಪದಲ್ಲಿರುವುದು ಮೂಲ ಕಾಯಿದೆಗೆ ಹೊಂದುವುದಿಲ್ಲವೆಂದು ತಿಳಿಸಿತು. ಕಡ್ಡಾಯ ಮಾನದಂಡಗಳನ್ನು ಬೇರ್ಪಡಿಸಿ ರೂಪಿಸುವಂತೆ ಕೇಂದ್ರಕ್ಕೆ 3 ತಿಂಗಳ ಅವಧಿಯನ್ನೂ ನೀಡಿತು. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿಲ್ಲ. ನೋಟೀಸು ಬಂದ ಮೇಲೆ ಗೋಡೆ ಒಡೆಯುವುದಕ್ಕಿಂತ ಅಂಗಡಿಗೆ ಸುಣ್ಣಬಣ್ಣ ಮಾಡಿಸುವಾಗಲೇ ಬಾಗಿಲನ್ನು ಅಗಲಿಸಿಕೊಳ್ಳುವುದು ಜಾಣತನ.

ಪಾಠ 1: ದಾರಿ ಮತ್ತು ಮೇಜು

ಮೊದಲು ಬೇಕಾದ ಉಪಕರಣ ಅಳತೆಪಟ್ಟಿ. ನಮ್ಮ ಊರುಗಳಲ್ಲಿ ಅಂಗಡಿಯ ಮುಂದೆ ಚರಂಡಿ, ಅದರ ಮೇಲೆ ಕಲ್ಲುಚಪ್ಪಡಿ, ಅದನ್ನು ದಾಟಿದರೆ ಒಂದೆರಡು ಮೆಟ್ಟಿಲು ಇರುವುದು ಸಾಮಾನ್ಯ. ಇಳಿಜಾರಿಗೆ ಅಂಗೀಕೃತ ಪ್ರಮಾಣ 1:12. ಅಂದರೆ 15 ಸೆಂಟಿಮೀಟರ್ ಎತ್ತರದ ಒಂದು ಮೆಟ್ಟಿಲಿಗೆ 180 ಸೆಂಟಿಮೀಟರ್ ಉದ್ದದ ಇಳಿಜಾರು ಬೇಕು. ಎರಡು ಮೆಟ್ಟಿಲಿಗೆ 360 ಸೆಂಟಿಮೀಟರ್. ಕಾಲುದಾರಿಯನ್ನು ಆಕ್ರಮಿಸಿ ಸಿಮೆಂಟಿನ ಇಳಿಜಾರು ಕಟ್ಟುವುದು ತರವಲ್ಲ. ಒಂದು ಮೆಟ್ಟಿಲಿರುವಲ್ಲಿ, ಬೇಕಾದಾಗ ಹಾಸಿ ಆಮೇಲೆ ಮಡಿಸಿಡುವ ಅಲ್ಯೂಮಿನಿಯಂ ಚೆಕರ್ಡ್ ಪ್ಲೇಟಿನ ಇಳಿಜಾರು ಸಾಕಾಗುತ್ತದೆ. ಅದರ ಎರಡೂ ಅಂಚುಗಳಲ್ಲಿ ಚಕ್ರ ಜಾರದಂತೆ ಸಣ್ಣ ತಡೆ ಇರಲಿ.

ಬಾಗಿಲಿನಲ್ಲಿ 90 ಸೆಂಟಿಮೀಟರ್ ತೆರವಾದ ಅಗಲ ಇರುವುದು ಉತ್ತಮ. ಒಳಗೆ ಗಾಲಿಕುರ್ಚಿ ತಿರುಗಲು ಸುಮಾರು 150 ಸೆಂಟಿಮೀಟರ್ ವ್ಯಾಸದ ಜಾಗ ಬೇಕು. ಸಣ್ಣ ಅಂಗಡಿಯಲ್ಲಿ ಅಷ್ಟು ಜಾಗವೆಲ್ಲಿ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಸರಳ: ಬಾಗಿಲಿಗೆ ಅತ್ಯಂತ ಸಮೀಪದ ಮೇಜನ್ನೇ ಮ್ಯಾನಿಕ್ಯೂರ್ ಮೇಜಾಗಿ ಇರಿಸಿಕೊಳ್ಳಿ. ಗ್ರಾಹಕರು ನೇರವಾಗಿ ಒಳಬಂದು ಹಾಗೆಯೇ ಹಿಂದಕ್ಕೆ ಹೊರಡುವಂತಿದ್ದರೆ ತಿರುಗುವ ಜಾಗದ ಕೊರತೆಯನ್ನು ಬಹುಮಟ್ಟಿಗೆ ನಿಭಾಯಿಸಬಹುದು.

ನಿಜವಾದ ತೊಡಕು ಇರುವುದು ಮೇಜಿನ ಕೆಳಗೆ. ಸಾಮಾನ್ಯ ಮ್ಯಾನಿಕ್ಯೂರ್ ಮೇಜಿನಲ್ಲಿ ಹಲಗೆಯ ಕೆಳಗೆ ಡ್ರಾಯರ್ ಇರುತ್ತದೆ. ಗಾಲಿಕುರ್ಚಿಯಲ್ಲಿ ಕುಳಿತವರ ಮೊಣಕಾಲು ಮತ್ತು ಕುರ್ಚಿಯ ಕೈಗಳು ಅದಕ್ಕೆ ತಗಲುತ್ತವೆ. ಗ್ರಾಹಕರು ದೂರದಲ್ಲಿ ಕುಳಿತು ತೋಳನ್ನು ಮುಂದೆ ಚಾಚಬೇಕಾಗುತ್ತದೆ. ಹತ್ತು ನಿಮಿಷದಲ್ಲಿ ಭುಜ ನೋಯುತ್ತದೆ, ಕೈ ನಡುಗುತ್ತದೆ, ಕೆಲಸ ಕೆಡುತ್ತದೆ. ಡ್ರಾಯರ್ ತೆಗೆದು, ಹಲಗೆಯ ಕೆಳಗೆ 70ರಿಂದ 75 ಸೆಂಟಿಮೀಟರ್ ಎತ್ತರ ಹಾಗೂ ಎರಡು ಕಾಲುಗಳ ನಡುವೆ 80 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಅಗಲ ದೊರೆಯುವಂತೆ ಮಾಡಿದರೆ ಕುರ್ಚಿ ಒಳಸೇರುತ್ತದೆ. ಹೊಸ ಮೇಜನ್ನೇ ಕೊಳ್ಳಬೇಕೆಂದಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಊಟಕ್ಕಾಗಿ ಸರಿಸುವ, ಎತ್ತರ ಹೊಂದಿಸಬಲ್ಲ ಚಕ್ರದ ಮೇಜು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಅದೂ ಸೇರದಿದ್ದರೆ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡಲಾಗಿ ಕೂರುವ ಮಣೆಯೊಂದನ್ನು ಬಡಗಿಯಿಂದ ಮಾಡಿಸಿಕೊಳ್ಳಬಹುದು. ಕುಬ್ಜತೆಯುಳ್ಳ ಗ್ರಾಹಕರಿಗೆ ಇದಕ್ಕೆ ವಿರುದ್ಧವಾದ ಏರ್ಪಾಡು ಬೇಕು: ಎತ್ತರದ ಆಸನ ಮತ್ತು ಕಾಲು ಜೋತಾಡದಂತೆ ಕಾಲುಮಣೆ.

ಮೊದಲ ಮಹಡಿಯಲ್ಲಿರುವ, ಲಿಫ್ಟ್ ಇಲ್ಲದ ಪಾರ್ಲರ್‌ಗಳು ಗ್ರಾಹಕರನ್ನು ಕುರ್ಚಿ ಸಮೇತ ಎತ್ತಿ ಒಯ್ಯುವ ಸಾಹಸಕ್ಕೆ ಕೈಹಾಕಬಾರದು. ಅದು ಅಪಾಯಕರ, ಅನೇಕರಿಗೆ ಅವಮಾನಕರವೂ ಹೌದು. ಅಂಥವರಿಗೆ ಮನೆಗೆ ಹೋಗಿ ಮಾಡಿಕೊಡುವ ಸೇವೆಯೇ ಸೂಕ್ತ. ಇದೇನೂ ಹೊಸ ಪದ್ಧತಿಯಲ್ಲ. ಹಿಂದೆ ಹಳ್ಳಿಗಳಲ್ಲಿ ಕ್ಷೌರಿಕರು ಮನೆಗೇ ಬಂದು ಹಿರಿಯರ ಹಾಗೂ ಹಾಸಿಗೆ ಹಿಡಿದವರ ಉಗುರು ತೆಗೆದುಹೋಗುತ್ತಿದ್ದರು. ಆ ವೃತ್ತಿಧರ್ಮವನ್ನು ಹೊಸ ಸಲಕರಣೆಗಳೊಂದಿಗೆ ಮುಂದುವರಿಸುವುದಷ್ಟೇ ನಮ್ಮ ಕೆಲಸ.

ಪಾಠ 2: ಕೇಳುವ ಕ್ರಮ

ಎರಡನೆಯ ಸಿದ್ಧತೆಗೆ ಹಣ ಬೇಕಿಲ್ಲ, ಅಭ್ಯಾಸ ಬೇಕು. ಸಿಬ್ಬಂದಿಯು ಜೊತೆಗೆ ಬಂದವರನ್ನು "ಇವರಿಗೆ ಯಾವ ಬಣ್ಣ ಹಾಕಲಿ?" ಎಂದು ಕೇಳುವುದು ನಮ್ಮಲ್ಲಿ ತೀರಾ ಸಾಮಾನ್ಯವಾದ ತಪ್ಪು. ಕೈ ಯಾರದೋ ಅವರನ್ನೇ ಕೇಳಬೇಕು, ಅವರ ಮುಖ ನೋಡಿಯೇ ಕೇಳಬೇಕು. ಮಾತು ನಿಧಾನವಾಗಿದ್ದರೆ ಪೂರ್ತಿ ಮುಗಿಯುವವರೆಗೆ ಕಾಯಬೇಕು. ಗಾಲಿಕುರ್ಚಿ, ಊರುಗೋಲು, ಕೃತಕ ಕೈ ಇವು ಅವರ ಶರೀರದ ಭಾಗವಿದ್ದಂತೆ; ಕೇಳದೆ ಮುಟ್ಟಬಾರದು, ಸರಿಸಬಾರದು. ಊರುಗೋಲನ್ನು ಅಚ್ಚುಕಟ್ಟಿಗೆಂದು ಮೂಲೆಯಲ್ಲಿಟ್ಟು ಬಂದರೆ ಗ್ರಾಹಕರು ಕುಳಿತಲ್ಲೇ ಬಂದಿಯಾಗುತ್ತಾರೆ.

ಸಮಯ ಗೊತ್ತುಪಡಿಸುವಾಗಲೇ, ಅಂದರೆ ದೂರವಾಣಿಯಲ್ಲಿಯೇ, ಎಲ್ಲ ಹೊಸ ಗ್ರಾಹಕರನ್ನೂ ಈ ನಾಲ್ಕು ಪ್ರಶ್ನೆಗಳನ್ನು ಕೇಳುವ ರೂಢಿ ಮಾಡಿಕೊಳ್ಳಿ. ಎಲ್ಲರನ್ನೂ ಕೇಳುವುದರಿಂದ ಯಾರನ್ನೂ ಬೇರೆಯಾಗಿ ಕಂಡಂತಾಗುವುದಿಲ್ಲ.

1. ಕುಳಿತುಕೊಳ್ಳಲು ನಮ್ಮ ಕುರ್ಚಿ ಅನುಕೂಲವೋ, ತಮ್ಮದೇ ಕುರ್ಚಿಯಲ್ಲಿರುವುದು ಅನುಕೂಲವೋ?
2. ಕೈಯಲ್ಲಿ ನೋವಿರುವ, ಬಿಗಿಯಾಗಿರುವ ಅಥವಾ ಸ್ಪರ್ಶ ತಿಳಿಯದಿರುವ ಭಾಗವಿದೆಯೇ?
3. ಸಕ್ಕರೆ ಕಾಯಿಲೆ ಇದೆಯೇ? ರಕ್ತ ತೆಳುವಾಗುವ ಔಷಧ ತೆಗೆದುಕೊಳ್ಳುತ್ತಿದ್ದೀರಾ?
4. ದಿನದ ಯಾವ ಹೊತ್ತು ತಮಗೆ ಹಿತ?

ನಾಲ್ಕನೆಯ ಪ್ರಶ್ನೆ ಸೌಜನ್ಯಕ್ಕಷ್ಟೇ ಕೇಳುವುದಲ್ಲ. ಪಾರ್ಕಿನ್‌ಸನ್ ಕಾಯಿಲೆಯವರಲ್ಲಿ ಔಷಧ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ ನಡುಕ ಕಡಿಮೆ ಇರುತ್ತದೆ. ಸಂಧಿವಾತದವರಿಗೆ ಬೆಳಗಿನ ಹೊತ್ತು ಕೀಲುಗಳು ಹೆಚ್ಚು ಬಿಗಿಯಾಗಿರುತ್ತವೆ, ಮಧ್ಯಾಹ್ನ ವಾಸಿ. ಸರಿಯಾದ ಹೊತ್ತನ್ನು ಆರಿಸಿದರೆ ಅರ್ಧ ಕೆಲಸ ಮುಗಿದಂತೆಯೇ.

ಪಾಠ 3: ಕೈಗೆ ತಕ್ಕ ಕೆಲಸ

ಬಿಗಿದ ಮುಷ್ಟಿ: ಪಾರ್ಶ್ವವಾಯು ಅಥವಾ ಸೆರೆಬ್ರಲ್ ಪಾಲ್ಸಿಯಿಂದ ಬೆರಳು ಮಡಿಚಿ ನಿಂತಿದ್ದರೆ ಬೆರಳ ತುದಿ ಹಿಡಿದು ಎಳೆಯಬಾರದು, ಎಳೆದಷ್ಟೂ ಬಿಗಿ ಹೆಚ್ಚುತ್ತದೆ. ಮಣಿಕಟ್ಟನ್ನು ಅಂಗೈ ಕಡೆಗೆ ನಿಧಾನವಾಗಿ ಬಗ್ಗಿಸಿದರೆ ಬೆರಳುಗಳ ಬಿಗಿ ತಾನಾಗಿಯೇ ಸ್ವಲ್ಪ ಸಡಿಲುತ್ತದೆ. ಅನಂತರ ಹೆಬ್ಬೆರಳನ್ನು ಅದರ ಬುಡದಿಂದ ಹಿಡಿದು ಹೊರಕ್ಕೆ ತಂದು, ಒಂದೊಂದೇ ಬೆರಳನ್ನು ಬಿಡಿಸಬೇಕು. ತೆರೆದ ಅಂಗೈಯಲ್ಲಿ ಸುತ್ತಿದ ಮೆತ್ತನೆಯ ಬಟ್ಟೆಯನ್ನಿಟ್ಟರೆ ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಅಂಗೈಯನ್ನು ಒರೆಸಿ ಒಣಗಿಸುವುದೂ ಈ ಸೇವೆಯ ಭಾಗವೇ. ಮೊದಲ ಸಲ ಗ್ರಾಹಕರ ಫಿಸಿಯೋಥೆರಪಿಸ್ಟ್ ಅಥವಾ ಮನೆಯವರು ತೋರಿಸಿಕೊಟ್ಟಂತೆ ಮಾಡುವುದು ಕ್ಷೇಮ.

ನಡುಗುವ ಕೈ: ಮೊಣಕೈಯಿಂದ ಮಣಿಕಟ್ಟಿನವರೆಗೆ ಇಡೀ ಮುಂಗೈ ದಿಂಬಿನ ಮೇಲೆ ಒರಗಿರಲಿ. ಕೆಲಸ ಮಾಡುವವರು ತಮ್ಮ ಕಿರುಬೆರಳನ್ನು ಗ್ರಾಹಕರ ಕೈಗೆ ಆನಿಸಿಕೊಂಡು ಬಣ್ಣ ಹಚ್ಚಿದರೆ ಎರಡು ಕೈಗಳೂ ಒಟ್ಟಿಗೆ ಚಲಿಸುತ್ತವೆ, ಕುಂಚ ಅಂಚು ದಾಟುವುದು ಕಡಿಮೆಯಾಗುತ್ತದೆ. ತಿಳಿಯಾದ ಬಣ್ಣಗಳಲ್ಲಿ ಸಣ್ಣಪುಟ್ಟ ದೋಷ ಎದ್ದು ಕಾಣುವುದಿಲ್ಲ. ಆದರೂ ಕಡುಗೆಂಪು ಬೇಕೆಂದವರಿಗೆ ಕಡುಗೆಂಪನ್ನೇ ಹಚ್ಚಬೇಕು, ಆಯ್ಕೆ ಗ್ರಾಹಕರದು. ಚೂಪಾದ ಕತ್ತರಿಗಿಂತ ಗಾಜಿನ ನೈಲ್ ಫೈಲ್ ಸುರಕ್ಷಿತ.

ನೋಯುವ ಕೀಲು: ಸಂಧಿವಾತವಿರುವವರ ಬೆರಳನ್ನು ಎಳೆದು ನೆಟಿಕೆ ಮುರಿಯುವುದು, ಒತ್ತಿ ಮಾಲೀಸು ಮಾಡುವುದು ಕೂಡದು. ಊದಿದ ಕೀಲನ್ನು ಬಿಟ್ಟು ಅದರ ಆಚೆ ಈಚೆ ಹಗುರವಾಗಿ ಹಿಡಿಯಬೇಕು. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಕೈಗೆ ಬಿಡುವು ಕೊಡಬೇಕು.

ಸ್ಪರ್ಶವಿಲ್ಲದ ಕೈ: ಇಡೀ ಪಾಠದಲ್ಲಿ ಅತ್ಯಂತ ಎಚ್ಚರ ಬೇಕಾದುದು ಇಲ್ಲಿಯೇ. ಬೆನ್ನುಹುರಿಗೆ ಪೆಟ್ಟಾದವರು, ಕುಷ್ಠರೋಗದಿಂದ ಗುಣಹೊಂದಿದವರು, ಬಹುಕಾಲದ ಸಕ್ಕರೆ ಕಾಯಿಲೆಯವರು ಇವರಲ್ಲಿ ಅನೇಕರಿಗೆ ಬಿಸಿ, ಚುಚ್ಚು, ಕೊಯ್ತ ತಿಳಿಯುವುದಿಲ್ಲ. "ನೀರು ಬಿಸಿಯಾಯಿತೇ?" ಎಂದು ಕೇಳಿ ಪ್ರಯೋಜನವಿಲ್ಲ, ಅವರು ಇಲ್ಲವೆನ್ನುವಷ್ಟರಲ್ಲಿ ಚರ್ಮ ಸುಟ್ಟಿರುತ್ತದೆ. ನೀರನ್ನು ಉಷ್ಣಮಾಪಕದಿಂದ ಅಳೆಯಿರಿ. ಉಗುರುಬೆಚ್ಚಗೆ, 37 ಡಿಗ್ರಿಯ ಆಸುಪಾಸು ಇದ್ದರೆ ಸಾಕು. ನೀರೇ ಬಳಸದೆ ಲೋಷನ್ ಹಚ್ಚಿ ಮಾಡುವ ಒಣ ಮ್ಯಾನಿಕ್ಯೂರ್ ಇನ್ನೂ ಉತ್ತಮ. ಜೆಲ್ ಬಣ್ಣವು ದೀಪದ ಕೆಳಗೆ ಗಟ್ಟಿಯಾಗುವಾಗ ಬಿಸಿಯಾಗುವುದುಂಟು. ಸ್ಪರ್ಶವಿಲ್ಲದ ಕೈಗೆ ಅದು ಬೇಡ. ಉಗುರಿನ ಬುಡದ ಚರ್ಮವನ್ನು ಯಾರಿಗೂ ಕತ್ತರಿಸದಿರುವುದು ಲೇಸು. ಇವರಿಗಂತೂ ಸರ್ವಥಾ ಕೂಡದು.

ಗಾಲಿ ತಳ್ಳುವ ಅಂಗೈ: ಸ್ವತಃ ಗಾಲಿಕುರ್ಚಿ ನಡೆಸುವವರ ಅಂಗೈಯಲ್ಲಿ ಜಡ್ಡು ಕಟ್ಟಿರುತ್ತದೆ. ಅದನ್ನು ಕಂಡೊಡನೆ ಉಜ್ಜಿ ತೆಗೆಯುವ ಉತ್ಸಾಹ ಬೇಡ. ಅದು ಅವರ ಕೈಯನ್ನು ಕಾಪಾಡುವ ಕವಚ. ಒಡೆದ ಅಂಚನ್ನಷ್ಟೇ ನಯಗೊಳಿಸಿ ಕ್ರೀಮ್ ಹಚ್ಚಿ, ಕ್ರೀಮಿನ ಜಿಡ್ಡನ್ನು ಪೂರ್ತಿ ಒರೆಸಿ ಕಳುಹಿಸಬೇಕು. ಇಲ್ಲವಾದರೆ ಇಳಿಜಾರಿನಲ್ಲಿ ಕೈ ಜಾರುತ್ತದೆ. ಉದ್ದುಗುರು ಗಾಲಿಯ ಬಳೆಗೆ ಸಿಕ್ಕಿ ಮುರಿಯುತ್ತದೆಯಾದ್ದರಿಂದ ಮೋಟಾಗಿ, ಗುಂಡಗೆ ರೂಪಿಸುವುದು ಉಚಿತ.

ಬೆರಳು ಕಡಿಮೆ ಇರುವ ಕೈ: ಇರುವ ಬೆರಳುಗಳಿಗೆ ಪೂರ್ಣ ಗಮನ ಕೊಟ್ಟು ಕೆಲಸ ಮಾಡಿ. ಹೇಗಾಯಿತು ಎಂದು ವಿಚಾರಿಸುವುದು ನಮ್ಮ ಕೆಲಸವಲ್ಲ. ಅವರಾಗಿಯೇ ಹೇಳಿದರೆ ಕೇಳಿಸಿಕೊಳ್ಳುವುದು ಸರಿ.

ಬಣ್ಣ ಹಚ್ಚುವ ಮುನ್ನ ಇನ್ನೊಂದು ಮಾತು ಕೇಳಬೇಕು: ಇದನ್ನು ಮನೆಯಲ್ಲಿ ತೆಗೆಯುವವರು ಯಾರು? ಒಂದೇ ಕೈ ಬಳಸುವವರು ತಮ್ಮ ಉಗುರಿನ ಬಣ್ಣವನ್ನು ತಾವೇ ತೆಗೆಯಲಾರರು. ಬಣ್ಣ ತೆಗೆಯಲು ಮರಳಿ ಬರುವ ದಿನವನ್ನೂ ಆಗಲೇ ಗೊತ್ತುಪಡಿಸಿ, ಆ ಭೇಟಿಯನ್ನು ದರದಲ್ಲಿಯೇ ಸೇರಿಸಿದರೆ ಗ್ರಾಹಕರಿಗೆ ನೆಮ್ಮದಿ, ಅಂಗಡಿಗೆ ಮತ್ತೊಂದು ಭೇಟಿ. ಸದ್ಯದಲ್ಲೇ ಆಸ್ಪತ್ರೆಗೆ ದಾಖಲಾಗಲಿರುವವರಿಗೆ ಬಣ್ಣ ಬೇಡವೆಂದು ತಿಳಿಸಿರಿ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಯಂತ್ರದ ಅಂಕಿ ಬಣ್ಣದಿಂದ ತಪ್ಪಾಗಬಹುದು.

ಪಾಠ 4: ಕೈ ತಡೆಯಬೇಕಾದ ಸಂದರ್ಭ

ಎಲ್ಲವನ್ನೂ ಮಾಡಿಕೊಡುವುದೇ ಒಳ್ಳೆಯ ಸೇವೆಯಲ್ಲ. ತೆರೆದ ಗಾಯ, ಕೀವು, ಕೆಂಪಾಗಿ ಊದಿದ ಉಗುರುಸಂದು, ದಪ್ಪವಾಗಿ ಪುಡಿಯಾಗುವ ಉಗುರು ಇವು ಕಂಡರೆ ಕೆಲಸ ನಿಲ್ಲಿಸಿ ವೈದ್ಯರ ಬಳಿ ಕಳುಹಿಸಬೇಕು. ಸಕ್ಕರೆ ಕಾಯಿಲೆಯವರಲ್ಲಿ ಸಣ್ಣ ಕೊಯ್ತವೂ ದೊಡ್ಡ ಹುಣ್ಣಾಗಬಲ್ಲದು.

ಕೈಯ ಜೊತೆಗೆ ಕಾಲಿನ ಆರೈಕೆಯನ್ನೂ ಮಾಡುವವರು ಮತ್ತೊಂದು ಸಂಗತಿಯನ್ನು ತಪ್ಪದೆ ತಿಳಿದಿರಬೇಕು. ಬೆನ್ನುಹುರಿಗೆ ಎದೆಯ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಪೆಟ್ಟಾದವರಲ್ಲಿ, ಅವರಿಗೇ ಅರಿವಾಗದ ಕಾಲ್ಬೆರಳಿನ ನೋವು ರಕ್ತದೊತ್ತಡವನ್ನು ಒಮ್ಮೆಲೇ ಏರಿಸಬಹುದು. ಮಾಂಸದೊಳಗೆ ಬೆಳೆದ ಉಗುರು ಇದಕ್ಕೆ ಒಂದು ಕಾರಣ. ಹಠಾತ್ ಬಡಿಯುವಂಥ ತಲೆನೋವು, ಮುಖ ಕೆಂಪೇರುವುದು, ಮೈಮೇಲ್ಭಾಗದಲ್ಲಿ ಬೆವರು ಇವು ಅದರ ಲಕ್ಷಣ. ಕೂಡಲೇ ಕೆಲಸ ನಿಲ್ಲಿಸಿ, ಅವರನ್ನು ಮಲಗಿಸದೆ ನೇರವಾಗಿ ಕುಳ್ಳಿರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ತಡಮಾಡದೆ ವೈದ್ಯಕೀಯ ನೆರವು ಕರೆಸಬೇಕು. ಇದು ಪ್ರಾಣಾಪಾಯದ ಸ್ಥಿತಿ.

ಸಲಕರಣೆಗಳ ಶುದ್ಧಿಯಲ್ಲಿ ರಿಯಾಯಿತಿ ಇಲ್ಲ. ಉಕ್ಕಿನ ಸಲಕರಣೆಗಳನ್ನು ಮೊದಲು ಸಾಬೂನಿನಿಂದ ಉಜ್ಜಿ ತೊಳೆದು, ಆಮೇಲೆ ಆಟೋಕ್ಲೇವ್‌ನಲ್ಲಿ 121 ಡಿಗ್ರಿಯಲ್ಲಿ ಕನಿಷ್ಠ 15 ನಿಮಿಷ ಇರಿಸಬೇಕು. ಮರಳುಕಾಗದದ ಫೈಲ್ ಒಬ್ಬರಿಗೆ ಒಂದು. ಬಳಸಿದ ಮೇಲೆ ಕಸಕ್ಕೆ.

ಸಮಯ, ದರ ಮತ್ತು ಲೆಕ್ಕ

ಇನ್ನು ವ್ಯಾಪಾರದ ಮಾತು. ಲೆಕ್ಕದ ಕ್ರಮ ತಿಳಿಯಲೆಂದು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಓದುಗರು ತಮ್ಮ ಊರಿನ ಅಂಕಿಗಳನ್ನು ತುಂಬಿಕೊಳ್ಳಬೇಕು. ಮ್ಯಾನಿಕ್ಯೂರ್ ದರ 500 ರೂಪಾಯಿ, ಸಾಮಾನ್ಯ ಅವಧಿ 45 ನಿಮಿಷ, ವಿಕಲಚೇತನ ಗ್ರಾಹಕರಿಗೆ 75 ನಿಮಿಷ ಎಂದಿರಲಿ. ಶನಿವಾರ ಸಂಜೆ ಅಂಗಡಿ ತುಂಬಿರುವಾಗ ಈ 30 ಹೆಚ್ಚುವರಿ ನಿಮಿಷಗಳಿಂದ ಸುಮಾರು 333 ರೂಪಾಯಿಯ ಬೇರೆ ಕೆಲಸ ತಪ್ಪುತ್ತದೆ. ಅದೇ ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಮೇಜು ಖಾಲಿ ಇರುತ್ತದೆ, ಸಿಬ್ಬಂದಿಗೆ ಸಂಬಳ ಹೇಗೂ ನಡೆಯುತ್ತಿರುತ್ತದೆ. ತಪ್ಪುವ ಕೆಲಸ ಯಾವುದೂ ಇಲ್ಲ. ಸದ್ದುಗದ್ದಲವಿಲ್ಲದ ಆ ಹೊತ್ತು ಗ್ರಾಹಕರಲ್ಲಿ ಅನೇಕರಿಗೂ ಹಿತವೇ. ಹಾಗೆಂದು ಶನಿವಾರವೇ ಬೇಕೆಂದವರಿಗೆ ಬಾಗಿಲು ಮುಚ್ಚಬಾರದು.

ಮಡಿಸುವ ಇಳಿಜಾರು, ಚಕ್ರದ ಮೇಜು, ದಿಂಬುಗಳು ಎಲ್ಲ ಸೇರಿ 18,000 ರೂಪಾಯಿ ತಗಲಿತೆನ್ನಿ. ಪ್ರತಿ ಸೇವೆಯಲ್ಲಿ ಸಾಮಗ್ರಿಗೆ 60, ಸಿಬ್ಬಂದಿಯ ಪ್ರೋತ್ಸಾಹಧನಕ್ಕೆ 90 ರೂಪಾಯಿ ಕಳೆದರೆ 350 ಉಳಿಯುತ್ತದೆ. 52 ಸೇವೆಗಳಿಗೆ ಬಂಡವಾಳ ಮರಳುತ್ತದೆ. ವಾರಕ್ಕೆ ಕೇವಲ ಒಬ್ಬರು ಬಂದರೂ ಒಂದು ವರ್ಷ ಸಾಕು. ಇದರಲ್ಲಿ ಜೊತೆಗೆ ಬಂದವರ ವ್ಯಾಪಾರವನ್ನು ಸೇರಿಸಿಲ್ಲ.

ತೆರಿಗೆಯ ವಿಷಯದಲ್ಲಿ ಒಂದು ಎಚ್ಚರಿಕೆ. 2025ರ ಸೆಪ್ಟೆಂಬರ್ 22ರಿಂದ ಸೌಂದರ್ಯ ಸೇವೆಗಳ ಮೇಲಿನ ಜಿ.ಎಸ್.ಟಿ. ಶೇಕಡ 18ರಿಂದ ಶೇಕಡ 5ಕ್ಕೆ ಇಳಿದಿದೆ. ಆದರೆ ಹೂಡುವಳಿ ತೆರಿಗೆಯ ಜಮಾ ಸೌಲಭ್ಯ ಇದಕ್ಕಿಲ್ಲ. ಆದುದರಿಂದ ಮೇಜು, ಇಳಿಜಾರುಗಳ ಮೇಲೆ ಕೊಟ್ಟ ತೆರಿಗೆಯನ್ನೂ ಬಂಡವಾಳದ ವೆಚ್ಚದಲ್ಲಿಯೇ ಸೇರಿಸಿ ಲೆಕ್ಕ ಹಾಕಬೇಕು.

ಹೆಚ್ಚು ಸಮಯ ಹಿಡಿಯುವುದರಿಂದ ಹೆಚ್ಚು ದರ ವಿಧಿಸಬಹುದೇ? ನಮ್ಮ ಅಭಿಪ್ರಾಯದಲ್ಲಿ ಕೂಡದು. ಉದ್ದ ಕೂದಲಿಗೂ ಮೋಟು ಕೂದಲಿಗೂ ಬೇರೆ ದರವಿರುವುದು ಗಿರಾಕಿಗಳಿಗೆ ಒಪ್ಪಿತ, ಏಕೆಂದರೆ ಅದು ಅವರ ಆಯ್ಕೆ. ಬಿಗಿದ ಮುಷ್ಟಿ ಯಾರ ಆಯ್ಕೆಯೂ ಅಲ್ಲ. ಮನೆಗೆ ಹೋಗಿ ಮಾಡುವ ಸೇವೆಗೆ ಪ್ರಯಾಣದ ವೆಚ್ಚವನ್ನು ಎಲ್ಲ ಗ್ರಾಹಕರಿಗೂ ಒಂದೇ ದರದಂತೆ ಪಡೆಯುವುದರಲ್ಲಿ ತಪ್ಪಿಲ್ಲ.

ಬಂಡವಾಳಕ್ಕೆ ನೆರವು ಬೇಕಾದ ಕುಲಕಸುಬಿನ ಕ್ಷೌರಿಕರು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯನ್ನು ಗಮನಿಸಬಹುದು. ಅದರ 18 ಕಸುಬುಗಳಲ್ಲಿ ಕ್ಷೌರಿಕ ವೃತ್ತಿಯೂ ಸೇರಿದೆ. ಸಲಕರಣೆಗಾಗಿ 15,000 ರೂಪಾಯಿಯ ನೆರವು ಹಾಗೂ ಎರಡು ಕಂತುಗಳಲ್ಲಿ 1 ಲಕ್ಷ ಮತ್ತು 2 ಲಕ್ಷ ರೂಪಾಯಿಗಳ ಸಾಲ ಶೇಕಡ 5ರ ಬಡ್ಡಿಯಲ್ಲಿ ಅದರಡಿ ದೊರೆಯುವ ಸೌಲಭ್ಯಗಳು.

ಸಣ್ಣ ಉತ್ಪಾದಕರಿಗೆ ಒಂದು ಸೂಚನೆ

ಮೇಲೆ ಹೇಳಿದ ವಸ್ತುಗಳಲ್ಲಿ ನಮ್ಮ ಶೆಡ್ಡುಗಳಲ್ಲಿ ತಯಾರಿಸಲಾಗದ್ದು ಯಾವುದೂ ಇಲ್ಲ. ಮಡಿಸುವ ಇಳಿಜಾರು ಫ್ಯಾಬ್ರಿಕೇಶನ್ ಮಾಡುವವರ ಕೆಲಸ. ಎತ್ತರ ಹೊಂದಿಸುವ ಮೇಜು ಆಸ್ಪತ್ರೆ ಪೀಠೋಪಕರಣ ಮಾಡುವವರ ಕೆಲಸ. ಒರೆಸಲು ಬರುವ ರೆಕ್ಸಿನ್ ಹೊದಿಸಿದ ಇಳಿಜಾರು ದಿಂಬು ಆಸನಗಳಿಗೆ ಹೊದಿಕೆ ಹೊಲಿಯುವವರ ಕೆಲಸ. ಮರದ ಹಲಗೆಗೆ ನೈಲ್ ಕಟರ್ ಬಿಗಿದು, ಹಲಗೆಯ ಅಡಿಗೆ ರಬ್ಬರಿನ ಹೀರುಬಟ್ಟಲು ಕೂರಿಸಿದರೆ, ಒಂದೇ ಕೈಯುಳ್ಳವರು ಅಂಗೈಯಿಂದಲೋ ಮೊಣಕೈಯಿಂದಲೋ ಒತ್ತಿ ತಮ್ಮ ಉಗುರನ್ನು ತಾವೇ ತೆಗೆದುಕೊಳ್ಳಬಹುದು. ಸಲೂನ್‌ಗಳು ಇದನ್ನು ಮಾರಾಟಕ್ಕೂ ಇಡಬಹುದು.

ಬೆರಳು ಮಡಿಸಲಾಗದವರಿಗೆ ದಪ್ಪ ಹಿಡಿಯ ಫೈಲ್ ಮತ್ತು ಕುಂಚ ಅನುಕೂಲ. ಚನ್ನಪಟ್ಟಣದ ಚಿತ್ತಾರಿಗಳ ಕೈಯಲ್ಲಿ ಹಾಲೆಮರದ ದುಂಡು ಹಿಡಿ ಸುಂದರವಾಗಿ ಮೂಡುವುದರಲ್ಲಿ ಸಂಶಯವಿಲ್ಲ. ಆದರೆ ಒಂದು ತಾಂತ್ರಿಕ ಅಂಶ ನೆನಪಿರಲಿ: ಅರಗಿನ ಹೊಳಪು ಸ್ಪಿರಿಟಿಗೆ ಕರಗುತ್ತದೆ, ಸಲೂನ್‌ನಲ್ಲಿ ಪ್ರತಿ ಸಲವೂ ಹಿಡಿಯನ್ನು ಸ್ಪಿರಿಟ್ ಹಾಕಿ ಒರೆಸಬೇಕಾಗುತ್ತದೆ. ಆದ್ದರಿಂದ ಅರಗಿನ ಹಿಡಿ ಗ್ರಾಹಕರು ಮನೆಯಲ್ಲಿ ಸ್ವಂತಕ್ಕೆ ಬಳಸುವ ವಸ್ತುಗಳಿಗೆ ಒಪ್ಪುತ್ತದೆ. ಸಲೂನ್‌ಗೆ ಒದಗಿಸುವುದಕ್ಕೆ ನೈಲಾನ್ ಅಥವಾ ಸಿಲಿಕೋನ್ ಹಿಡಿಯೇ ತಕ್ಕುದು.

ಯಾವುದೇ ವಸ್ತುವನ್ನು ಬಹುಸಂಖ್ಯೆಯಲ್ಲಿ ತಯಾರಿಸುವ ಮುನ್ನ ಅದನ್ನು ಬಳಸುವವರ ಕೈಗೆ ಕೊಟ್ಟು ನೋಡಬೇಕು. ಬೆಂಗಳೂರಿನಲ್ಲಿ 1959ರಿಂದ ಇರುವ ಅಸೋಸಿಯೇಶನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಮೊದಲಾದ ಸಂಸ್ಥೆಗಳು ಈ ಕ್ಷೇತ್ರದಲ್ಲಿ ದೀರ್ಘಕಾಲದ ಅನುಭವವುಳ್ಳವು. ಅಂಥವರ ಸಲಹೆ ಕೇಳಿ ಅಚ್ಚು ಮಾಡಿಸುವುದು, ಅಚ್ಚು ಮಾಡಿಸಿ ಆಮೇಲೆ ಕೇಳುವುದಕ್ಕಿಂತ ಅಗ್ಗ.

ಅಭ್ಯಾಸ

ಈ ತಿಂಗಳು ಸದಸ್ಯರು ತಮ್ಮ ತಮ್ಮ ಅಂಗಡಿಗಳಲ್ಲಿ ಮಾಡಬಹುದಾದ ಐದು ಕೆಲಸಗಳು:

1. ಮುಂಬಾಗಿಲಿನ ಮೆಟ್ಟಿಲ ಎತ್ತರ, ಬಾಗಿಲಿನ ಅಗಲ, ಮೇಜಿನ ಕೆಳಗಿನ ಎತ್ತರ ಅಳೆದು ಬರೆದಿಡಿ.
2. ನೀವೇ ಕುರ್ಚಿಯಲ್ಲಿ ಕುಳಿತು, ಏಳದೆ, ಮೇಜಿಗೂ ಹಣ ಪಾವತಿಯ ಕಟ್ಟೆಗೂ ಕೈ ಎಟಕುವುದೇ ನೋಡಿ.
3. ನಾಲ್ಕು ಪ್ರಶ್ನೆಗಳನ್ನು ದೂರವಾಣಿಯ ಪಕ್ಕದಲ್ಲಿ ಅಂಟಿಸಿ.
4. ನೀರಿನ ಉಷ್ಣಮಾಪಕವೊಂದನ್ನು ಕೊಂಡು ಮೇಜಿನ ಮೇಲಿಡಿ.
5. ಒಂದು ಪುಸ್ತಕವಿಟ್ಟು, ದೂರವಾಣಿಯಲ್ಲಿ ವಿಚಾರಿಸಿ ಬಾರದೆ ಹೋದವರನ್ನೂ ಬಾಗಿಲಿನಿಂದ ಹಿಂದಿರುಗಿದವರನ್ನೂ, ಕಾರಣ ಸಹಿತ ಒಂದು ತಿಂಗಳು ಬರೆಯಿರಿ.

ಐದನೆಯ ಅಭ್ಯಾಸವೇ ಎಲ್ಲಕ್ಕಿಂತ ಮುಖ್ಯ. ತಿಂಗಳ ಕೊನೆಯಲ್ಲಿ ಆ ಪುಟವನ್ನು ಓದಿದಾಗ, ಮದುವೆಗೆ ಮುನ್ನ ದೂರವಾಣಿ ಮಾಡಿದ ಆ ಶಿಕ್ಷಕಿಯಂಥವರು ನಮ್ಮ ಬೀದಿಯಲ್ಲಿ ಎಷ್ಟು ಮಂದಿ ಇದ್ದಾರೆ ಎಂಬುದು ತಿಳಿಯುತ್ತದೆ. ಅವರ ಅಂಗೈಯಲ್ಲಿ ಹುಣ್ಣಾಗದಂತೆ ಉಗುರು ತೆಗೆದು, ಅವರು ಕೇಳಿದ ಬಣ್ಣ ಹಚ್ಚಿ ಮದುವೆ ಮನೆಗೆ ಕಳುಹಿಸಿದರೆ, ಅದಕ್ಕೆ ಕೃತಜ್ಞತೆಯ ಮಾತಿಗಿಂತ ಮೊದಲು ಅವರು ಕೊಡುವುದು ನ್ಯಾಯವಾದ ದರವನ್ನು. ಇದನ್ನು ಧರ್ಮಕಾರ್ಯವೆಂದು ತಿಳಿದು ವರ್ಷಕ್ಕೊಮ್ಮೆ ಶಿಬಿರ ನಡೆಸಿ ಕೈತೊಳೆದುಕೊಳ್ಳುವುದು ಬೇಡ. ಇತರ ಗಿರಾಕಿಗಳಂತೆಯೇ ಇವರೂ ಹಣ ಕೊಟ್ಟು ಸೇವೆ ಪಡೆಯಲು ಬಂದವರು. ಅಂಗಡಿಯ ಬಾಗಿಲು ಅವರಿಗೂ ತೆರೆದಿರುವಂತೆ ನೋಡಿಕೊಳ್ಳುವುದು ವ್ಯಾಪಾರಸ್ಥರ ಹೊಣೆ.